ಸರಕಾರದ ರೂಪಾಯಿ ಸರಕಾಗುವುದೆಲ್ಲಿ, ಬರೀ ಬೆಲೆಯಾಗುವುದೆಲ್ಲಿ?

ಡಾ. ವಿ.ಕೆ.ಆರ್.ವಿ. ರಾವ್ ಅವರ ಗುಣಕ ವಿಮರ್ಶೆ ಮತ್ತು ಇಂದಿನ ಸಣ್ಣ ಉದ್ಯಮಿ

ಕೇಂದ್ರ ಮತ್ತು ರಾಜ್ಯ ಸರಕಾರಗಳ ಆಯವ್ಯಯ ಮಂಡನೆಯಾದ ಮರುದಿನ ವರ್ತಕರ ಹಾಗೂ ಸಣ್ಣ ಉದ್ಯಮಿಗಳ ವಲಯದಲ್ಲಿ ಒಂದು ಲೆಕ್ಕಾಚಾರ ತಪ್ಪದೆ ನಡೆಯುತ್ತದೆ. ಹೆದ್ದಾರಿಗೆ ಎಷ್ಟು ಕೋಟಿ, ನೀರಾವರಿಗೆ ಎಷ್ಟು ಕೋಟಿ, ಗ್ರಾಮೀಣ ಯೋಜನೆಗಳಿಗೆ ಎಷ್ಟು ಕೋಟಿ ಎಂಬುದನ್ನು ನೋಡಿ, ಆ ಹಣ ಮಾರುಕಟ್ಟೆಗೆ ಇಳಿದಾಗ ತಮ್ಮ ಅಂಗಡಿಗೆ ಎಷ್ಟು ಗಿರಾಕಿ, ತಮ್ಮ ಯಂತ್ರಗಳಿಗೆ ಎಷ್ಟು ಕೆಲಸ ಎಂದು ಅಂದಾಜು ಹಾಕಲಾಗುತ್ತದೆ. ಕೆಲವು ವರ್ಷ ಆ ಅಂದಾಜು ನಿಜವಾಗುತ್ತದೆ. ಕೆಲವು ವರ್ಷ ಹಣವೇನೋ ಖರ್ಚಾಗುತ್ತದೆ. ಆದರೆ ಆರ್ಡರು ಹೆಚ್ಚುವ ಬದಲು ಕಚ್ಚಾ ಮಾಲಿನ ಬೆಲೆ, ಕೂಲಿ, ಬಡ್ಡಿ ಇವೇ ಹೆಚ್ಚಿ ವರ್ಷಾಂತ್ಯದ ಲಾಭ ಮೊದಲಿಗಿಂತಲೂ ಸೊರಗುತ್ತದೆ. ಒಂದೇ ಬಗೆಯ ಸರಕಾರಿ ವೆಚ್ಚ ಎರಡು ಕಾಲದಲ್ಲಿ ಎರಡು ಫಲ ಕೊಡುವುದೇಕೆ?

ಈ ಪ್ರಶ್ನೆಗೆ 1952ರಷ್ಟು ಹಿಂದೆಯೇ ಶಾಸ್ತ್ರೀಯವಾದ ಉತ್ತರ ಕೊಟ್ಟವರು ಡಾ. ವಿ.ಕೆ.ಆರ್.ವಿ. ರಾವ್. ಆ ವರ್ಷದ ಫೆಬ್ರುವರಿಯಲ್ಲಿ ‘ಇಂಡಿಯನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಿಷಯ, ಹಿಂದುಳಿದ ಆರ್ಥಿಕ ವ್ಯವಸ್ಥೆಯಲ್ಲಿ ಹೂಡಿಕೆ, ವರಮಾನ ಮತ್ತು ಗುಣಕಗಳ ಸಂಬಂಧ. ಪ್ರಬಂಧ ಚಿಕ್ಕದು. ಆದರೆ ಅಭಿವೃದ್ಧಿ ಅರ್ಥಶಾಸ್ತ್ರದ ಪಾಠಪಟ್ಟಿಗಳಲ್ಲಿ ಅದಕ್ಕೆ ಅಂದಿನಿಂದಲೂ ಸ್ಥಾನವಿದೆ. ವಿಶ್ವವಿದ್ಯಾಲಯಗಳ ಹೊರಗೆ, ಅದರಲ್ಲೂ ಅದರಿಂದ ಹೆಚ್ಚು ಪ್ರಯೋಜನ ಪಡೆಯಬಹುದಾಗಿದ್ದ ವ್ಯಾಪಾರೋದ್ಯಮಿಗಳ ನಡುವೆ, ಅದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ.

ರಾವ್ ಅವರು 1908ರಲ್ಲಿ ಕಾಂಚೀಪುರದಲ್ಲಿ ಜನಿಸಿ, ಮುಂಬಯಿ ಮತ್ತು ಕೇಂಬ್ರಿಜ್‌ಗಳಲ್ಲಿ ಅಧ್ಯಯನ ಮಾಡಿದವರು. ಕೇಂಬ್ರಿಜ್‌ನಲ್ಲಿ ಅವರು ಇದ್ದ 1930ರ ದಶಕ, ಜಾನ್ ಮೇನಾರ್ಡ್ ಕೀನ್ಸ್ ಅವರ ಹೊಸ ವಿಚಾರಗಳು ರೂಪುಗೊಳ್ಳುತ್ತಿದ್ದ ಕಾಲ. ಡಾಕ್ಟರೇಟ್ ಪದವಿಗಾಗಿ ರಾವ್ ಆರಿಸಿಕೊಂಡ ವಿಷಯ ಬ್ರಿಟಿಷ್ ಇಂಡಿಯಾದ 1931-32ನೇ ಸಾಲಿನ ರಾಷ್ಟ್ರೀಯ ವರಮಾನ. ದೇಶದ ಹೊಲ, ಕಸುಬು, ಅಂಗಡಿ, ಸಾಗಾಣಿಕೆ ಎಲ್ಲದರ ಉತ್ಪತ್ತಿಯನ್ನು ಕೂಡಿ ನೋಡುವ ಈ ಶ್ರಮದ ಕೆಲಸ 1940ರಲ್ಲಿ ಗ್ರಂಥರೂಪದಲ್ಲಿ ಹೊರಬಂತು. ಸ್ವಾತಂತ್ರ್ಯದ ಬಳಿಕ 1949ರಲ್ಲಿ ಸರಕಾರ ನೇಮಿಸಿದ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ಡಿ.ಆರ್. ಗಾಡ್ಗೀಳರೊಂದಿಗೆ ರಾವ್ ಸದಸ್ಯರಾಗಿದ್ದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ಸಂಸ್ಥೆಗಳನ್ನು ಕಟ್ಟಿದವರೂ ಅವರೇ. 1967ರಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದಲ್ಲಿ ಸಾರಿಗೆ ಮತ್ತು ನೌಕಾಯಾನ, ಬಳಿಕ ಶಿಕ್ಷಣ ಖಾತೆಗಳನ್ನು ನಿರ್ವಹಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು, ಅಂದರೆ ಇಂದು ನಾಗರಭಾವಿಯಲ್ಲಿರುವ ಐಸೆಕ್ ಸಂಸ್ಥೆಯನ್ನು, ಸ್ಥಾಪಿಸಿದರು. 1991ರಲ್ಲಿ ನಿಧನರಾದರು.

ಅಂಕಿಅಂಶಗಳನ್ನು ಹೊಲದಿಂದಲೇ ಕೂಡಿಸಿಕೊಂಡು ಬಂದ ಈ ಹಿನ್ನೆಲೆಯನ್ನು ಗಮನಿಸುವುದು ಅಗತ್ಯ. ಕೀನ್ಸರ ಶಿಷ್ಯಪರಂಪರೆಯಲ್ಲಿ ಬೆಳೆದವರು ಕೀನ್ಸರ ಸೂತ್ರವನ್ನೇ ಭಾರತಕ್ಕೆ ಹೊಂದದು ಎಂದು ಹೇಳುವ ಧೈರ್ಯ ಮಾಡಬೇಕಾದರೆ, ಈ ದೇಶದ ರೈತ ತನ್ನ ಬೆಳೆಯಲ್ಲಿ ಎಷ್ಟನ್ನು ಮಾರುತ್ತಾನೆ, ಎಷ್ಟನ್ನು ಮನೆಗೆ ಇಟ್ಟುಕೊಳ್ಳುತ್ತಾನೆ ಎಂಬ ಲೆಕ್ಕ ಕೈಯಲ್ಲಿ ಇರಲೇಬೇಕಾಗಿತ್ತು.

ಗುಣಕವೆಂದರೇನು?

ಕೀನ್ಸರ ಸಹೋದ್ಯೋಗಿ ರಿಚರ್ಡ್ ಕಾನ್ 1931ರಲ್ಲಿ ಮುಂದಿಟ್ಟು, ಕೀನ್ಸ್ 1936ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬೆಳೆಸಿದ ಈ ಕಲ್ಪನೆ ವರ್ತಕರಿಗೆ ಕಷ್ಟವಾದುದಲ್ಲ. ಸರಕಾರ ಒಂದು ಸೇತುವೆಗೆ 100 ರೂಪಾಯಿ ವೆಚ್ಚ ಮಾಡಿತೆನ್ನೋಣ. ಅದು ಕೂಲಿಕಾರನಿಗೂ ಗುತ್ತಿಗೆದಾರನಿಗೂ ವರಮಾನವಾಗುತ್ತದೆ. ಅವರು ಅದರಲ್ಲಿ 80 ರೂಪಾಯಿಯನ್ನು ಖರ್ಚು ಮಾಡಿದರೆ ಅದು ದಿನಸಿ ಅಂಗಡಿಯವನ, ಬಟ್ಟೆ ವ್ಯಾಪಾರಿಯ ವರಮಾನ. ಅವರು ತಮಗೆ ಬಂದುದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು, ಅಂದರೆ 64 ರೂಪಾಯಿಯನ್ನು, ಮುಂದಿನವನಿಗೆ ದಾಟಿಸುತ್ತಾರೆ. ಹೀಗೆ ಕೈಯಿಂದ ಕೈಗೆ ಹೋಗುತ್ತ ಕೊನೆಗೆ ಮೊತ್ತ 500 ರೂಪಾಯಿಗೆ ಬಂದು ನಿಲ್ಲುತ್ತದೆ. ಗುಣಕ ಐದು. ನೂರರಲ್ಲಿ ತೊಂಬತ್ತನ್ನು ಖರ್ಚು ಮಾಡುವ ಜನರಿದ್ದರೆ ಮೊತ್ತ 1,000, ಗುಣಕ ಹತ್ತು. ಹೆಚ್ಚುವರಿ ವರಮಾನದಲ್ಲಿ ಜನ ಖರ್ಚಿಗೆ ಬಿಡುವ ಈ ಪಾಲನ್ನು ಅರ್ಥಶಾಸ್ತ್ರಜ್ಞರು ಸೀಮಾಂತ ಅನುಭೋಗ ಪ್ರವೃತ್ತಿ ಎನ್ನುತ್ತಾರೆ.

ಇಲ್ಲಿಯೇ ಒಂದು ವಿಚಿತ್ರ ಎದುರಾಗುತ್ತದೆ. ಬಡವನ ಕೈಗೆ ಬಂದ ಹಣ ಬಹುಪಾಲು ಹೊಟ್ಟೆಬಟ್ಟೆಗೇ ಹೋಗುವುದರಿಂದ, ಸೂತ್ರವನ್ನು ಅಕ್ಷರಶಃ ನಂಬಿದರೆ ಅತ್ಯಂತ ಬಡ ದೇಶದಲ್ಲಿ ಗುಣಕ ಅತ್ಯಂತ ದೊಡ್ಡದಾಗಿರಬೇಕು. ಶ್ರೀಮಂತ ಇಂಗ್ಲೆಂಡಿಗಿಂತ ಭಾರತದಲ್ಲಿ ಪ್ರತಿ ಸರಕಾರಿ ರೂಪಾಯಿಯೂ ಹೆಚ್ಚು ಸಂಪತ್ತನ್ನು ಹುಟ್ಟಿಸಬೇಕು. ಹಾಗಾದರೆ ನೋಟು ಅಚ್ಚು ಹಾಕಿ ವೆಚ್ಚ ಮಾಡಿದಷ್ಟೂ ಬಡತನ ನೀಗಬೇಕಲ್ಲವೇ? ಹಾಗಾಗುವುದಿಲ್ಲವೆಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲವೇ ಸಾಕ್ಷಿಯಾಗಿತ್ತು. ಯುದ್ಧವೆಚ್ಚಕ್ಕಾಗಿ ದೇಶದಲ್ಲಿ ನೋಟುಗಳ ಚಲಾವಣೆ ಹಲವು ಪಟ್ಟು ಏರಿದಾಗ ಬೆಲೆಗಳು ದುಪ್ಪಟ್ಟಿಗೂ ಮೀರಿ ಹೋದವು. 1943ರಲ್ಲಿ ಬಂಗಾಳ ಕ್ಷಾಮಕ್ಕೆ ತುತ್ತಾಯಿತು. ಅದೇ ವರ್ಷ ರಾವ್ ಯುದ್ಧ ಮತ್ತು ಭಾರತದ ಆರ್ಥಿಕತೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು.

ರಾವ್ ಕೇಳಿದ ಪ್ರಶ್ನೆ

ಗುಣಕ ಕೆಲಸ ಮಾಡಬೇಕಾದರೆ ಹಿನ್ನೆಲೆಯಲ್ಲಿ ಏನೇನು ಇರಬೇಕು ಎಂದು ರಾವ್ ಕೇಳಿದರು. ಕೀನ್ಸ್ ಕಂಡ ಇಂಗ್ಲೆಂಡಿನಲ್ಲಿ ಕೂಲಿಗೆ ಬರಲು ಸಿದ್ಧರಿದ್ದೂ ಕೆಲಸ ಸಿಗದ ಕಾರ್ಮಿಕರಿದ್ದರು. ಬಾಗಿಲು ಹಾಕಿಕೊಂಡ ಗಿರಣಿಗಳಿದ್ದವು. ಯಂತ್ರಗಳು ಹಾಗೆಯೇ ನಿಂತಿದ್ದವು. ಬೇಡಿಕೆ ಬಂದೊಡನೆ ಉತ್ಪಾದನೆಯನ್ನು ಏರಿಸಲು ಅಡ್ಡಿಯಿರಲಿಲ್ಲ. ಕಚ್ಚಾ ಮಾಲು ಕೊಳ್ಳಲು, ಕೂಲಿ ಕೊಡಲು ದುಡಿಯುವ ಬಂಡವಾಳವನ್ನು ಬ್ಯಾಂಕುಗಳು ಒದಗಿಸುತ್ತಿದ್ದವು. ಅನೈಚ್ಛಿಕ ನಿರುದ್ಯೋಗ, ಬೇಡಿಕೆಗೆ ಸ್ಪಂದಿಸಬಲ್ಲ ಉತ್ಪಾದನೆ, ಅನುಭೋಗ ವಸ್ತುಗಳ ಕಾರ್ಖಾನೆಗಳಲ್ಲಿ ಬಳಕೆಯಾಗದ ಸಾಮರ್ಥ್ಯ, ಸುಲಭವಾಗಿ ಸಿಗುವ ದುಡಿಯುವ ಬಂಡವಾಳ ಇವು ನಾಲ್ಕೂ ಕೂಡಿದಾಗ ಬೇಡಿಕೆಯೊಂದೇ ಕೊರತೆಯ ವಸ್ತು. ಸರಕಾರ ಅದನ್ನು ಒದಗಿಸಿದರೆ ಬಂಡಿ ಚಲಿಸುತ್ತದೆ.

1952ರ ಭಾರತದಲ್ಲಿ ಈ ನಾಲ್ಕರಲ್ಲಿ ಒಂದಾದರೂ ಇರಲಿಲ್ಲ ಎಂಬುದು ರಾವ್ ಅವರ ವಾದ. ಜನರಿಗೆ ಕೆಲಸ ಕಡಿಮೆಯಿತ್ತು, ನಿಜ. ಆದರೆ ಆ ನಿರುದ್ಯೋಗ ಮರೆಮಾಚಿದ ನಿರುದ್ಯೋಗ. ಮೂವರು ಮಾಡಬಹುದಾದ ಹೊಲದ ಕೆಲಸವನ್ನು ಐವರು ಹಂಚಿಕೊಂಡು ಮಾಡುತ್ತಿದ್ದರು. ತಾವು ನಿರುದ್ಯೋಗಿಗಳೆಂದು ಅವರಿಗೇ ತಿಳಿದಿರಲಿಲ್ಲ, ಕೂಲಿ ಸ್ವಲ್ಪ ಏರಿದೊಡನೆ ಊರು ಬಿಟ್ಟು ಬರುವವರೂ ಅವರಾಗಿರಲಿಲ್ಲ. ಬಹುಪಾಲು ಕಸುಬುಗಳು ಮನೆಮಂದಿಯೇ ನಡೆಸುವ ಕಸುಬುಗಳು. ಮಾರುಕಟ್ಟೆಗಿಂತ ಮನೆಬಳಕೆಗೇ ಹೆಚ್ಚು ಉತ್ಪತ್ತಿ. ನಿಂತ ಯಂತ್ರಗಳಿರಲಿ, ಯಂತ್ರಗಳೇ ಸಾಕಷ್ಟಿರಲಿಲ್ಲ. ನೇಕಾರನಿಗೆ ನೂಲು ಕೊಳ್ಳಲು ಸಿಗುತ್ತಿದ್ದುದು ಸಾಹುಕಾರನ ಸಾಲ. ಬ್ಯಾಂಕಿನ ಮೆಟ್ಟಿಲನ್ನು ಆತ ಹತ್ತಿದವನಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಆಹಾರಧಾನ್ಯ. ಹೊಸದಾಗಿ ಹಣ ಕಂಡ ಬಡವ ಮೊದಲು ಕೊಳ್ಳುವುದು ಧಾನ್ಯವನ್ನು. ಕಾರ್ಖಾನೆಯವನು ಎರಡನೆಯ ಪಾಳಿ ಹಚ್ಚಿ ಉತ್ಪಾದನೆ ಹೆಚ್ಚಿಸಬಲ್ಲ. ರೈತ ಮುಂದಿನ ಮಳೆಗಾಲದವರೆಗೆ ಒಂದು ಸೇರು ಜೋಳವನ್ನೂ ಹೆಚ್ಚಿಸಲಾರ. ಅಷ್ಟೇ ಅಲ್ಲ, ಧಾರಣೆ ಏರಿ ರೈತನ ಕೈಗೆ ಹಣ ಬಂದಾಗ, ಅಲ್ಲಿಯವರೆಗೆ ಸಾಲ ತೀರಿಸಲು, ಕಂದಾಯ ಕಟ್ಟಲು ಅರೆಹೊಟ್ಟೆಯಲ್ಲಿದ್ದು ಮಾರುತ್ತಿದ್ದ ಧಾನ್ಯದಲ್ಲಿ ಒಂದಿಷ್ಟನ್ನು ಆತ ಮನೆಯಲ್ಲೇ ಉಳಿಸಿಕೊಂಡು ಉಣ್ಣುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ ಪೇಟೆಗೆ ಬರುವ ಮಾಲು ಕಡಿಮೆಯಾಗುತ್ತದೆ, ಪಟ್ಟಣದಲ್ಲಿ ಧಾನ್ಯದ ಬೆಲೆ ಮತ್ತಷ್ಟು ಏರುತ್ತದೆ, ಪಟ್ಟಣದ ಕೂಲಿಕಾರ ಬಟ್ಟೆ, ಪಾತ್ರೆ, ಸಾಬೂನುಗಳ ಖರ್ಚನ್ನು ಕಡಿತಗೊಳಿಸಿ ಅಕ್ಕಿಗೆ ಕೊಡುತ್ತಾನೆ. ಸರಕಾರ ಸುರಿದ ಹಣ ಹೀಗೆ ಬಟ್ಟೆಯಂಗಡಿಯ ಗಿರಾಕಿಯನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಿಬಿಡಬಹುದು. ಧಾನ್ಯದ ಧಾರಣೆ ಏರಿದ ವರ್ಷ ಬಟ್ಟೆ, ಪಾತ್ರೆಗಳ ವ್ಯಾಪಾರ ಮಂಕಾಗುವುದನ್ನು ಎಪಿಎಂಸಿ ಪ್ರಾಂಗಣದ ಸುತ್ತಮುತ್ತ ವ್ಯವಹರಿಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾವ್ ಆ ಅನುಭವಕ್ಕೆ ತರ್ಕದ ಚೌಕಟ್ಟನ್ನು ಒದಗಿಸಿದರು.

ಹಾಗಾಗಿ ಹಣದ ಲೆಕ್ಕದಲ್ಲಿ ಗುಣಕ ಕೆಲಸ ಮಾಡುತ್ತದೆ, ಸರಕಿನ ಲೆಕ್ಕದಲ್ಲಿ ಮಾಡುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಕೊರತೆ ಹಣಕಾಸಿನಿಂದ ದೇಶ ಕಟ್ಟಬಹುದೆಂಬ ಆಸೆಯನ್ನು ಬಿಟ್ಟು, ಹೆಚ್ಚು ದುಡಿದು ಹೆಚ್ಚು ಉಳಿಸುವ ಹಳೆಯ ಕಾಲದ ಸಲಹೆಯೇ ಬಡ ದೇಶಕ್ಕೆ ಲೇಸು ಎಂದು ಅವರು ಬರೆದಾಗ ಅದು ಹಲವರಿಗೆ ರುಚಿಸಿರಲಾರದು. ರಾವ್ ಯೋಜನೆಯ ವಿರೋಧಿಯಾಗಿರಲಿಲ್ಲ, ಸಮಾಜವಾದಿಯೆಂದೇ ಕರೆದುಕೊಂಡವರು. ಹಣವನ್ನು ಎಲ್ಲಿಂದ ತರಲಾಗುತ್ತದೆ, ಎದುರಿಗೆ ಸರಕು ಇದೆಯೇ ಎಂಬುದಷ್ಟೇ ಅವರ ತಕರಾರು.

ಅನುಭವದ ಪರೀಕ್ಷೆ

ಮೊದಲ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1951ರಿಂದ 1956ರವರೆಗೆ, ಮಳೆ ಬೆಳೆ ಒಟ್ಟಿನಲ್ಲಿ ಚೆನ್ನಾಗಿದ್ದವು. ಯೋಜನೆಯ ಕೊನೆಗೆ ಬೆಲೆಗಳು ಆರಂಭದಲ್ಲಿದ್ದುದಕ್ಕಿಂತ ಕೆಳಗಿದ್ದವು. ಇದರಿಂದ ಉತ್ತೇಜಿತವಾದ ಸರಕಾರ ಎರಡನೆಯ ಯೋಜನೆಯಲ್ಲಿ 1,200 ಕೋಟಿ ರೂಪಾಯಿಯ ಕೊರತೆ ಹಣಕಾಸನ್ನು ಪ್ರಸ್ತಾಪಿಸಿತು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯವರಾದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ 1955ರಲ್ಲಿ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದು ಇದನ್ನು ವಿರೋಧಿಸಿದರು. ಮುಂಬಯಿಯ ಸಿ.ಎನ್. ವಕೀಲ್ ಮತ್ತು ಪಿ.ಆರ್. ಬ್ರಹ್ಮಾನಂದ 1956ರ ತಮ್ಮ ಗ್ರಂಥದಲ್ಲಿ, ಕೂಲಿಕಾರ ಕೊಳ್ಳುವ ಧಾನ್ಯ, ಬಟ್ಟೆಯಂತಹ ಸರಕುಗಳೇ ಬಡ ದೇಶದ ನಿಜವಾದ ಬಂಡವಾಳ ಎಂದು ವಾದಿಸಿದರು. ಮಾರ್ಗಗಳು ಬೇರೆಯಾದರೂ ಮೂವರೂ ಮುಟ್ಟಿದ ಗಡಿ ರಾವ್ ಗುರುತಿಸಿದ್ದ ಗಡಿಯೇ. ಎರಡನೆಯ ಯೋಜನೆಯ ಐದು ವರ್ಷಗಳಲ್ಲಿ ಸಗಟು ಬೆಲೆಗಳು ಸುಮಾರು ಶೇ. 30ರಷ್ಟು ಏರಿದವು. ವಿದೇಶಿ ವಿನಿಮಯದ ಬಿಕ್ಕಟ್ಟು ಬಂತು, ಅಮೆರಿಕದಿಂದ ಪಿ.ಎಲ್. 480 ಕರಾರಿನಡಿ ಗೋಧಿ ತರಿಸಬೇಕಾಯಿತು.

ಆದರೆ ಸಣ್ಣ ತಯಾರಕರ ದೃಷ್ಟಿಯಿಂದ ಹೆಚ್ಚು ಪಾಠ ಕಲಿಸುವುದು 1966ರ ನಂತರದ ಪ್ರಸಂಗ. 1964-65ರಲ್ಲಿ 8.9 ಕೋಟಿ ಟನ್ ಇದ್ದ ಧಾನ್ಯೋತ್ಪಾದನೆ ಬರಗಾಲದಿಂದ 1965-66ರಲ್ಲಿ 7.2 ಕೋಟಿ ಟನ್ನಿಗೆ ಕುಸಿಯಿತು. ಮರುವರ್ಷವೂ ಬರ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯ. ಯೋಜನೆಗೇ ಮೂರು ವರ್ಷ ರಜೆ ಕೊಟ್ಟು ಸರಕಾರ ಬಂಡವಾಳ ವೆಚ್ಚವನ್ನು ಬಿಗಿಹಿಡಿಯಿತು. ರೈಲ್ವೆಯ ವ್ಯಾಗನ್ ಆರ್ಡರುಗಳು ಕಡಿಮೆಯಾದವು. ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಯಂತ್ರಗಳು ಕೆಲಸವಿಲ್ಲದೆ ನಿಂತವು, ಅವುಗಳನ್ನು ನಂಬಿದ್ದ ಬಿಡಿಭಾಗಗಳ ಸಣ್ಣ ಘಟಕಗಳೂ ನಿಂತವು. ಇಲ್ಲಿ ಕೀನ್ಸ್ ಹೇಳಿದ ನಿಷ್ಕ್ರಿಯ ಸಾಮರ್ಥ್ಯ ಕಣ್ಣೆದುರಿಗೇ ಇತ್ತು. ಸರಕಾರ ವೆಚ್ಚ ಮಾಡಿದ್ದರೆ ಲೇತುಗಳು ತಿರುಗುತ್ತಿದ್ದವು. ಅಷ್ಟಾಗಿಯೂ ಸರಕಾರ ಹಿಂಜರಿಯಿತು. ಏಕೆಂದರೆ ಆ ಕೂಲಿಯ ಹಣ ಧಾನ್ಯದಂಗಡಿಗೆ ಬಂದಾಗ ಅಲ್ಲಿ ಮಾರಲು ಧಾನ್ಯವಿರಲಿಲ್ಲ. ಉಕ್ಕಿನ ಕೆಲಸದವನ ಆರ್ಡರನ್ನು ಬಿಹಾರದ ಭತ್ತದ ಗದ್ದೆಯ ಬಿರುಕು ತಡೆಯಿತು ಎಂದರೆ ಅತಿಶಯೋಕ್ತಿಯಲ್ಲ.

ಇದರಿಂದ ರಾವ್ ಅವರ ವಾದಕ್ಕೆ ಒಂದು ತಿದ್ದುಪಡಿಯೂ ಅಗತ್ಯವಾಗುತ್ತದೆ. ದೇಶದಲ್ಲಿ ಎಲ್ಲ ರಂಗಗಳಲ್ಲೂ ಏಕಕಾಲಕ್ಕೆ ಸಾಮರ್ಥ್ಯ ಇರುವುದೂ ಇಲ್ಲ, ಇಲ್ಲದಿರುವುದೂ ಇಲ್ಲ. ಒಂದು ರಂಗದಲ್ಲಿ ಯಂತ್ರ ನಿಂತಿರುವಾಗ ಇನ್ನೊಂದರಲ್ಲಿ ಮಾಲಿನ ಅಭಾವವಿರಬಹುದು. 1952ರ ಪ್ರಬಂಧ ಇಡೀ ದೇಶವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿತು. ಆ ಕಾಲಕ್ಕೆ ಅದು ಸರಿಯಿದ್ದಿರಬಹುದು, ಕೈಗಾರಿಕೆ ಬೆಳೆದ ಮೇಲೆ ಸಾಲದು.

ಇಂದಿನ ಭಾರತ 1952ರ ಭಾರತವಲ್ಲ ಎಂಬುದೂ ಸ್ಪಷ್ಟ. 2023-24ರಲ್ಲಿ ಧಾನ್ಯೋತ್ಪಾದನೆ 33 ಕೋಟಿ ಟನ್ ದಾಟಿತು. ಬ್ಯಾಂಕುಗಳು ಹೋಬಳಿ ಮಟ್ಟಕ್ಕೆ ಬಂದಿವೆ. ಉದ್ಯಮಗಳು ತಮ್ಮ ಸಾಮರ್ಥ್ಯದ ಎಷ್ಟು ಪಾಲನ್ನು ಬಳಸುತ್ತಿವೆ ಎಂಬುದನ್ನು ರಿಸರ್ವ್ ಬ್ಯಾಂಕು ಪ್ರತಿ ತ್ರೈಮಾಸಿಕಕ್ಕೂ ಸಮೀಕ್ಷೆ ಮಾಡಿ ಪ್ರಕಟಿಸುತ್ತದೆ. ರಾವ್ ಅವರ ತೀರ್ಮಾನ ಹಳತಾಗಿದ್ದರೂ ಅವರ ಪರೀಕ್ಷೆ ಹಳತಾಗಿಲ್ಲ. ಯಂತ್ರ ಬಿಡುವಾಗಿದೆಯೇ, ದುಡಿಯುವ ಬಂಡವಾಳ ಸಿಗುವುದೇ, ಪೇಟೆಯಲ್ಲಿ ಧಾನ್ಯ ಸಾಕಷ್ಟಿದೆಯೇ ಎಂಬ ಪ್ರಶ್ನೆಗಳಿಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ.

2008-09ರ ಜಾಗತಿಕ ಹಿಂಜರಿತದಲ್ಲಿ ಕೇಂದ್ರ ಸರಕಾರ ಡಿಸೆಂಬರ್ 2008ರಲ್ಲಿ ಅಬಕಾರಿ ಸುಂಕವನ್ನು ನಾಲ್ಕು ಶೇಕಡಾ ಅಂಶಗಳಷ್ಟು ಇಳಿಸಿತು, ವೆಚ್ಚವನ್ನು ಏರಿಸಿತು. ಕಾರ್ಖಾನೆಗಳು ಚೇತರಿಸಿಕೊಂಡವು. ಆದರೆ 2009ರ ಮುಂಗಾರು ಶೇ. 22ರಷ್ಟು ಕೊರತೆಯಾಯಿತು, ವರ್ಷಾಂತ್ಯಕ್ಕೆ ಆಹಾರ ಪದಾರ್ಥಗಳ ಸಗಟು ಹಣದುಬ್ಬರ ಶೇ. 20ರ ಸಮೀಪ ಬಂತು. ಮೊದಲ ಪ್ರಶ್ನೆಗೆ ಅನುಕೂಲದ ಉತ್ತರ, ಮೂರನೆಯದಕ್ಕೆ ಪ್ರತಿಕೂಲದ ಉತ್ತರ.

2020ರಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ತಯಾರಿಕಾ ರಂಗದ ಸಾಮರ್ಥ್ಯ ಬಳಕೆ ಶೇ. 47.3ಕ್ಕೆ ಇಳಿದಿತ್ತು. ಆಹಾರ ನಿಗಮದ ಗೋದಾಮುಗಳು ತುಂಬಿದ್ದವು. ಸುಮಾರು 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯವನ್ನು ಉಚಿತವಾಗಿ ಕೊಡಲು ಸಾಧ್ಯವಾಯಿತು. ದುಡಿಯುವ ಬಂಡವಾಳಕ್ಕೆ ಸರಕಾರವೇ ಜಾಮೀನು ನಿಂತು ಮೊದಲು 3 ಲಕ್ಷ ಕೋಟಿ, ಕ್ರಮೇಣ 5 ಲಕ್ಷ ಕೋಟಿ ರೂಪಾಯಿಯವರೆಗೆ ತುರ್ತು ಸಾಲ ಖಾತರಿ ಯೋಜನೆಯನ್ನು ವಿಸ್ತರಿಸಿತು. ಆ ಯೋಜನೆ 2023ರ ಮಾರ್ಚ್‌ವರೆಗೆ ನಡೆಯಿತು. ರಾವ್ ಅವರ ಪಟ್ಟಿಯನ್ನು ಹಿಡಿದು ನೋಡಿದರೆ ವೆಚ್ಚಕ್ಕೆ ಅಷ್ಟು ಅನುಕೂಲವಾದ ಗಳಿಗೆ ಸ್ವತಂತ್ರ ಭಾರತದಲ್ಲಿ ವಿರಳ. ಆದರೂ ಲಾಕ್‌ಡೌನಿನಿಂದ ಸಾಗಾಣಿಕೆ ಕಡಿದುಹೋಗಿದ್ದ ಕಾರಣ ಚಿಲ್ಲರೆ ಹಣದುಬ್ಬರ 2020ರ ಅಕ್ಟೋಬರ್‌ನಲ್ಲಿ ಶೇ. 7.6ಕ್ಕೆ ಏರಿತ್ತು. ಗೋದಾಮಿನಲ್ಲಿ ಮಾಲಿದ್ದರೆ ಸಾಲದು, ಲಾರಿ ಓಡಬೇಕು. ಈ ಅಂಶವನ್ನು ರಾವ್ ಪ್ರತ್ಯೇಕವಾಗಿ ಎಣಿಸಿರಲಿಲ್ಲ.

ಯಾವ ವೆಚ್ಚ, ಯಾರ ಊರಿಗೆ?

ಎಲ್ಲ ವೆಚ್ಚವೂ ಒಂದೇ ಅಲ್ಲ ಎಂಬುದನ್ನು ಇತ್ತೀಚಿನ ಸಂಶೋಧನೆ ಅಂಕಿಗಳಲ್ಲಿ ತೋರಿಸಿದೆ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯಲ್ಲಿ ಸುಕನ್ಯಾ ಬೋಸ್ ಮತ್ತು ಎನ್.ಆರ್. ಭಾನುಮೂರ್ತಿ ನಡೆಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ಬಂಡವಾಳ ವೆಚ್ಚದ ಗುಣಕ 2.45, ವರ್ಗಾವಣೆ ಪಾವತಿಗಳ ಗುಣಕ 0.98, ಇತರ ರಾಜಸ್ವ ವೆಚ್ಚದ್ದು 0.99. ಭಾನುಮೂರ್ತಿ ಅವರು ಬಳಿಕ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಇಂತಹ ಅಂಕಿಗಳು ಬಳಸಿದ ಮಾದರಿಯನ್ನೂ ಅವಧಿಯನ್ನೂ ಅವಲಂಬಿಸಿರುತ್ತವೆ, ದಶಮಾಂಶದವರೆಗೆ ನಂಬಬೇಕಾದವಲ್ಲ. ಆದರೆ ಅಂತರ ದೊಡ್ಡದು, ಅದರ ದಿಕ್ಕು ರಾವ್ ಅವರ ತರ್ಕಕ್ಕೆ ಹೊಂದುತ್ತದೆ. ರಸ್ತೆ, ವಿದ್ಯುತ್ ಮಾರ್ಗ, ಕಾಲುವೆಗಳ ಮೇಲಿನ ವೆಚ್ಚ ಬೇಡಿಕೆಯೊಂದಿಗೆ ಪೂರೈಕೆಯ ಸಾಮರ್ಥ್ಯವನ್ನೂ ಬೆಳೆಸುತ್ತದೆ. ಕೇಂದ್ರದ ಬಂಡವಾಳ ವೆಚ್ಚ 2020-21ರಲ್ಲಿ 4.26 ಲಕ್ಷ ಕೋಟಿ ಇದ್ದುದು 2025-26ರ ಆಯವ್ಯಯದಲ್ಲಿ 11.21 ಲಕ್ಷ ಕೋಟಿ ರೂಪಾಯಿಗೆ ಏರಿದುದರ ಹಿಂದೆ ಇಂತಹ ಆಲೋಚನೆಯೇ ಇದೆ.

ಹಾಗೆಂದು ವರ್ಗಾವಣೆಯ ಹಣ ವ್ಯರ್ಥವೆಂದಲ್ಲ. ಅದರ ಉದ್ದೇಶ ಮೊದಲಿಗೆ ಪರಿಹಾರ, ಗುಣಕವಲ್ಲ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಐದು ಗ್ಯಾರಂಟಿ ಯೋಜನೆಗಳಿಗೆ 2024-25ರ ಆಯವ್ಯಯದಲ್ಲಿ ಸುಮಾರು 52,000 ಕೋಟಿ ರೂಪಾಯಿ ಇರಿಸಲಾಗಿತ್ತು. ಮನೆಯೊಡತಿಗೆ ಬರುವ 2,000 ರೂಪಾಯಿ ಹಳ್ಳಿಯ ಕಿರಾಣಿ ಅಂಗಡಿಯ ವಹಿವಾಟನ್ನು ಹೆಚ್ಚಿಸುತ್ತದೆ ಎಂದು ವರ್ತಕರು ಹೇಳಿದರೆ ಅದು ತರ್ಕಬದ್ಧವೇ. ಆದರೆ ಆ ಅಂಗಡಿಯಲ್ಲಿ ಮಾರಾಟವಾದ ಸಾಬೂನು, ಎಣ್ಣೆ, ಬಟ್ಟೆ ಯಾವ ರಾಜ್ಯದ ಕಾರ್ಖಾನೆಯಿಂದ ಬಂತು ಎಂಬ ಪ್ರಶ್ನೆಯೂ ಇದೆ. ವರ್ತಕನಿಗೆ ಸಿಗುವುದು ಅಂಚು ಮಾತ್ರ. ಉಳಿದದ್ದು ಮಾಲಿನೊಂದಿಗೆ ರಾಜ್ಯದ ಗಡಿ ದಾಟುತ್ತದೆ. ದೇಶಕ್ಕೆ ಆಮದು ಹೇಗೋ ಹಾಗೆ ರಾಜ್ಯಕ್ಕೆ ಹೊರರಾಜ್ಯದ ಖರೀದಿ. ಆದುದರಿಂದ ರಾಜ್ಯದ ಗುಣಕ ದೇಶದ ಗುಣಕಕ್ಕಿಂತ ಸಹಜವಾಗಿಯೇ ಚಿಕ್ಕದು. ಸ್ಥಳೀಯ ತಯಾರಕರು ಹೆಚ್ಚಿದ ಬೇಡಿಕೆಗೆ ತಕ್ಕ ಮಾಲನ್ನು ಒದಗಿಸಬಲ್ಲರಾದರೆ ಮಾತ್ರ ಅದು ಬೆಳೆದೀತು.

ಈ ಯೋಜನೆಗಳಲ್ಲಿ ಅನ್ನಭಾಗ್ಯದ ಪ್ರಸಂಗವಂತೂ ರಾವ್ ಅವರ ಪ್ರಬಂಧಕ್ಕೆ ಉದಾಹರಣೆಯಾಗಿ ಬರೆದಂತಿದೆ. 2023ರ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಹೆಚ್ಚುವರಿ 5 ಕಿಲೊ ಅಕ್ಕಿಗೆ ದಾಸ್ತಾನು ಸಿಗದೆ ರಾಜ್ಯ ಸರಕಾರ ಜುಲೈಯಿಂದ ಕಿಲೊಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ನಗದನ್ನು ಖಾತೆಗೆ ಹಾಕಿತು. 2025ರ ಫೆಬ್ರುವರಿಯಲ್ಲಿ ನಗದನ್ನು ಬಿಟ್ಟು ಮತ್ತೆ ಅಕ್ಕಿಗೆ ಬಂದಿತು. ನಗದು ಕೊಟ್ಟಾಗ ಬೇಡಿಕೆಯಷ್ಟೇ ಪೇಟೆಗೆ ಬರುತ್ತದೆ. ಅಕ್ಕಿ ಕೊಟ್ಟಾಗ ಬೇಡಿಕೆಯೂ ಅದನ್ನು ತಣಿಸುವ ಸರಕೂ ಕೂಡಿ ಬರುತ್ತವೆ. ಪಡೆಯುವವನಿಗೆ ಎರಡೂ ಒಂದೇ ಎನಿಸಬಹುದು. ಬೆಲೆಯ ಮಟ್ಟಕ್ಕೆ ಒಂದೇ ಅಲ್ಲ.

ಆಹಾರದ ಬೆಲೆ ಇಂದಿಗೂ ಬೇರೊಂದು ದಾರಿಯಿಂದ ಕಾರ್ಖಾನೆಯ ಬಾಗಿಲಿಗೆ ಬರುತ್ತದೆ. 2016ರಿಂದ ರಿಸರ್ವ್ ಬ್ಯಾಂಕಿಗೆ ಚಿಲ್ಲರೆ ಹಣದುಬ್ಬರವನ್ನು ಶೇ. 4ರ ಗುರಿಯ ಸುತ್ತ, ಎರಡು ಶೇಕಡಾ ಅಂಶಗಳ ಹೆಚ್ಚುಕಡಿಮೆಯೊಳಗೆ, ಇರಿಸುವ ಹೊಣೆಯನ್ನು ಕಾನೂನಿನಲ್ಲಿಯೇ ವಹಿಸಲಾಯಿತು. 2012ನ್ನು ಆಧಾರವರ್ಷವಾಗಿಟ್ಟುಕೊಂಡ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ. 45.86 ಇತ್ತು. 2024ರ ಅಕ್ಟೋಬರ್‌ನಲ್ಲಿ ತರಕಾರಿ ಮತ್ತಿತರ ವಸ್ತುಗಳ ಬೆಲೆಯಿಂದ ಆಹಾರ ಹಣದುಬ್ಬರ ಶೇ. 10.87ಕ್ಕೆ ಏರಿದಾಗ ಒಟ್ಟು ಹಣದುಬ್ಬರ ಶೇ. 6.21 ಆಯಿತು. 2023ರ ಫೆಬ್ರುವರಿಯಿಂದ ಎರಡು ವರ್ಷ ರೆಪೊ ದರ ಶೇ. 6.5ರಿಂದ ಇಳಿಯದಿದ್ದುದಕ್ಕೆ ಆಹಾರದ ಬೆಲೆ ಮುಖ್ಯ ಕಾರಣಗಳಲ್ಲೊಂದು. ಟೊಮ್ಯಾಟೊ ಈರುಳ್ಳಿಗಳ ಧಾರಣೆಗೂ ಪೀಣ್ಯದ ಒಂದು ಲೇತ್ ಘಟಕದ ಓವರ್‌ಡ್ರಾಫ್ಟ್ ಬಡ್ಡಿಗೂ ಇರುವ ನಂಟು ಇದು. 1952ರಲ್ಲಿ ಧಾನ್ಯ ಕೂಲಿಕಾರನ ಜೇಬಿನ ಮೂಲಕ ಬಟ್ಟೆ ವ್ಯಾಪಾರಿಯನ್ನು ತಟ್ಟುತ್ತಿತ್ತು. ಈಗ ಬ್ಯಾಂಕಿನ ಮೂಲಕವೂ ತಟ್ಟುತ್ತದೆ.

ಇನ್ನು ಉಳಿದಿರುವುದು ದುಡಿಯುವ ಬಂಡವಾಳದ ಮಾತು. ರಾವ್ ಹೇಳಿದ ನಾಲ್ಕು ನಿಬಂಧನೆಗಳಲ್ಲಿ ಸಣ್ಣ ತಯಾರಕನಿಗೆ ಇಂದಿಗೂ ಈಡೇರದೆ ಉಳಿದಿರುವುದು ಇದೇ. ಸರಕಾರಿ ಕಾಮಗಾರಿಗೆ ಮಾಲು ಒದಗಿಸಿದವನು ತಿಂಗಳುಗಟ್ಟಲೆ ಬಿಲ್ಲಿಗಾಗಿ ಕಾಯುವಾಗ ಗುಣಕದ ಸರಪಳಿ ಅವನ ಬಾಗಿಲಲ್ಲೇ ನಿಲ್ಲುತ್ತದೆ. 100 ರೂಪಾಯಿ ಲೆಕ್ಕಪತ್ರದಲ್ಲಿ ಖರ್ಚಾಗಿರುತ್ತದೆ, 80 ರೂಪಾಯಿ ಮುಂದಿನವನಿಗೆ ದಾಟಿರುವುದಿಲ್ಲ. ಕೆಲಸಗಾರರಿಗೆ ಕೂಲಿ, ಉಕ್ಕಿನ ವರ್ತಕನಿಗೆ ಬಾಕಿ, ಜಿಎಸ್‌ಟಿ ಕಂತು ಇವೆಲ್ಲವನ್ನೂ ಆತ ಸಾಲದಿಂದ ತುಂಬುತ್ತಾನೆ. ಮುಂದಿನ ಆರ್ಡರನ್ನು ಒಪ್ಪಿಕೊಳ್ಳಲು ಯಂತ್ರಕ್ಕೆ ಬಿಡುವಿದ್ದರೂ ಕೈಯಲ್ಲಿ ಹಣವಿರುವುದಿಲ್ಲ. ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ಅದು ಬಳಕೆಯಾಗದ ಸಾಮರ್ಥ್ಯವೆಂದು ದಾಖಲಾಗುತ್ತದೆ.

ಇದನ್ನು ಸರಿಪಡಿಸಲೆಂದೇ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕೆಂದೂ ವಿಧಿಸಿತು. ಸರಕಾರಿ ಇಲಾಖೆ ಕೊಳ್ಳುವವನಾಗಿದ್ದಾಗಲೂ ಇದು ಅನ್ವಯಿಸುತ್ತದೆ. ಬಾಕಿಗಾಗಿ ಸೌಲಭ್ಯ ಮಂಡಳಿಗೆ ದೂರು ಕೊಡುವ ಅವಕಾಶವೂ ಇದೆ. ಆದರೆ ಮುಂದಿನ ಟೆಂಡರನ್ನು ಕಳೆದುಕೊಳ್ಳುವ ಭಯದಿಂದ ಬಡ್ಡಿ ಕೇಳುವವರು ಕಡಿಮೆ. 2023ರ ಹಣಕಾಸು ಕಾಯಿದೆ ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಎಂಬ ಉಪಬಂಧವನ್ನು ಸೇರಿಸಿ, ಅವಧಿ ಮೀರಿದ ಬಾಕಿಯನ್ನು ಪಾವತಿಸುವ ವರ್ಷದಲ್ಲಲ್ಲದೆ ವೆಚ್ಚವೆಂದು ಕಳೆಯಲಾಗದಂತೆ ಮಾಡಿತು. ಖಾಸಗಿ ಖರೀದಿದಾರರು ಬಾಕಿ ತೀರಿಸುವ ಬಗ್ಗೆ ಯೋಚಿಸುವಂತಾಯಿತು. ನೋಂದಾಯಿತ ಸಣ್ಣ ಘಟಕಗಳನ್ನು ಬಿಟ್ಟು ಬೇರೆಯವರಿಂದ ಕೊಳ್ಳುವ ಪ್ರವೃತ್ತಿ ಬಂದೀತೆಂಬ ಆತಂಕವೂ ಹುಟ್ಟಿತು. ವರ್ತಕರಿಗೆ ಈ ರಕ್ಷಣೆ ದೊರೆಯಲಿಲ್ಲ, ಅದು ತಯಾರಿಕೆ ಮತ್ತು ಸೇವಾ ಘಟಕಗಳಿಗೆ ಸೀಮಿತವಾಯಿತು. ಆ ಉಪಬಂಧದ ಬಿಸಿ ಸರಕಾರಿ ಇಲಾಖೆಗಳಿಗಂತೂ ತಟ್ಟಲೇ ಇಲ್ಲ. ಇಲಾಖೆಗಳು ವರಮಾನದ ಮೇಲೆ ತೆರಿಗೆ ಕಟ್ಟುವವರ ಸಾಲಿನಲ್ಲಿಲ್ಲದ ಕಾರಣ, ವೆಚ್ಚವನ್ನು ಕಳೆಯಲಾಗದೆಂಬ ಅಂಜಿಕೆ ಅವಕ್ಕಿಲ್ಲ.